ದರ್ಪಣದಲ್ಲಿ ವಿಜಯಸಾರಥಿ

ಎಲ್ಲಕ್ಕೂ ಮೂಲ ವಿಜಯಸಾರಥಿಯ ತಾಯಿ ಗೋದಮ್ಮನ ಬಾಯಿ. ಅರಸೀಕೆರೆಯಲ್ಲಿ ನೆಂಟರ ಮದುವೆಗೆ ಹೋದವರು ಸುಮ್ಮನೆ ಊಟ ಮಾಡಿ ಬರಬಾರದಿತ್ತೇ? ನಿವೃತ್ತ ಮೇಷ್ಟ್ರು ವರದರಾಜರ ಮುಂದೆ, "ಇಂಟರ್‌ನೆಟ್ ತೆರೆಯೋದನ್ನೇ ನಮ್ಮ ಸಾರಥಿ ಮಾಡಿದ್ದು ಕಣ್ರೀ" ಅಂದುಬಿಟ್ಟರು.

ಪೂರಾ ಸುಳ್ಳೇನಲ್ಲ ಪಾಪ. ಮೈಸೂರಿನ ಪುಟ್ಟ ಕಂಪನಿಯೊಂದರಲ್ಲಿ ವಿಜಯಸಾರಥಿಯೂ ಸೇರಿ ನಾಲ್ವರು 'ದರ್ಪಣ' ಎಂಬ ಬ್ರೌಸರ್ ಮಾಡಿದ್ದರು. ಹೆಸರಿಟ್ಟವನು ಇವನೇ. ಬೇಲೂರಿನವನಿಗೆ ಬೇರೆ ಯಾವ ಹೆಸರು ಹೊಳೆದೀತು? 2003ರಲ್ಲಿ ಕಂಪನಿ ಮುಚ್ಚಿತು, ದರ್ಪಣವೂ ನಿಂತಿತು. ಐದು ವರ್ಷದಿಂದ ಇವನು ಊರಿನ ಶಾಲೆಯಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾನೆ, ಸಿಕ್ಕವರಿಗೆಲ್ಲ ದರ್ಪಣದ ಕತೆ ಹೇಳುತ್ತಾನೆ. "ಕೆಟ್ಟು ನಿಂತ್ರೆ ಬೇರೆಯವೆಲ್ಲ ಯಾವುದೋ ನಂಬರ್ ತೋರಿಸ್ತಾವೆ. ನಮ್ಮದು ಕನ್ನಡದಲ್ಲಿ ಕ್ಷಮೆ ಕೇಳ್ತಿತ್ತು. ಆ ಸಾಲು ನಾನೇ ಬರೆದದ್ದು" ಎನ್ನುವಷ್ಟರಲ್ಲಿ ಕೇಳುವವರು ಚಪ್ಪಲಿ ಹುಡುಕುತ್ತಿರುತ್ತಾರೆ.

ಆ ಮದುವೆಯಲ್ಲಿ ಮೇಷ್ಟ್ರ ಮಗಳು ಹಂಸಾ ಮಾತ್ರ ಕೊನೆಯವರೆಗೂ ಕೇಳಿದಳು. ಯಾವ ಸಾಲು ಎಂದು ಕೇಳಿ ಹೇಳಿಸಿಕೊಂಡು ನಕ್ಕಳು. ಮೊಬೈಲ್ ನಂಬರನ್ನೂ ಬರೆದುಕೊಂಡಳು. ಮದುವೆಯಾದರೆ ಇವಳನ್ನೇ ಎಂದು ಸಾರಥಿ ಅಲ್ಲೇ ತೀರ್ಮಾನಿಸಿದ.

ಆಯುಧಪೂಜೆಯ ಬೆಳಿಗ್ಗೆ ಸಂಬಂಧದ ಮಾತಿಗೆಂದು ಮೇಷ್ಟ್ರು ಬೇಲೂರಿಗೆ ಬಂದಿಳಿದರು.

"ಹುಡುಗ ಒಳ್ಳೆಯವನ ಹಾಗೇ ಕಾಣ್ತಾನೆ. ಆದ್ರೆ ಬುರುಡೆ ಬಿಡೋ ಅಳಿಯ ನನಗೆ ಬೇಡಮ್ಮ. ಮಾಡಿದ್ದನ್ನ ಕಣ್ಣಾರೆ ತೋರಿಸ್ಲಿ, ಇವತ್ತೇ ತಾಂಬೂಲ ಬದಲಾಯಿಸ್ಕೊಳ್ಳೋಣ."

ಎಲ್ಲಿಂದ ತೋರಿಸುವುದು? ಇದ್ದೊಂದು ಸಿ.ಡಿ.ಯನ್ನು ಗೋದಮ್ಮ ಹಕ್ಕಿ ಬೆದರಿಸಲು ಸೀಬೆ ಗಿಡಕ್ಕೆ ಕಟ್ಟಿ ಎರಡು ವರ್ಷವಾಗಿತ್ತು. ಆಗ ನೆನಪಾದದ್ದು ಹಳೇಬೀಡಿನ ಹೊನ್ನಯ್ಯನ ಟೈಪಿಂಗ್ ಇನ್‌ಸ್ಟಿಟ್ಯೂಟ್. ಅಲ್ಲಿನ ಕಂಪ್ಯೂಟರಿಗೆ ಸಾರಥಿಯೇ ದರ್ಪಣ ಹಾಕಿಕೊಟ್ಟಿದ್ದ. ಹೊನ್ನಯ್ಯ ಅದನ್ನು ಬದಲಾಯಿಸುವ ಪೈಕಿಯವನಲ್ಲ.

ಹೊರಡುವಾಗ ಮೊಬೈಲ್ ಹುಡುಕಿದರೆ ಅದು ದೇವರ ಮುಂದೆ, ಈಳಿಗೆಮಣೆಯ ಪಕ್ಕ, ಕುಂಕುಮ ಇಟ್ಟುಕೊಂಡು ಕೂತಿತ್ತು. ಅವನು ಕೈ ಚಾಚುವುದಕ್ಕೂ ಅದು ಕುಂಯ್ ಎನ್ನುವುದಕ್ಕೂ ಸರಿಹೋಯಿತು.

"ಮುಟ್ಬೇಡ ಕಣೋ! ಪೂಜೆಗಿಟ್ಟಿದ್ದನ್ನ ನಾಳೆವರೆಗೂ ಮುಟ್ಟಬಾರ್ದು" ಎಂದು ಗೋದಮ್ಮ ಕೈಮೇಲೆ ಒಂದು ಕೊಟ್ಟರು.

ಹಳೇಬೀಡಿನಲ್ಲಿ ಇನ್‌ಸ್ಟಿಟ್ಯೂಟಿನ ಬಾಗಿಲಿಗೆ ಆಗತಾನೇ ಬೂದುಗುಂಬಳಕಾಯಿ ಒಡೆದಿದ್ದರು. ಸಾರಥಿ ಮೇಷ್ಟ್ರ ಕೈಹಿಡಿದು ಜೋಪಾನವಾಗಿ ದಾಟಿಸಿ, ತಾನು ದೊಪ್ಪನೆ ಜಾರಿಬಿದ್ದ. ಬಿಳಿ ಪ್ಯಾಂಟಿನ ಹಿಂಬದಿಯೆಲ್ಲ ಕುಂಕುಮ. ಒಳಗೆ ಆರು ಟೈಪ್‌ರೈಟರುಗಳೂ ಒಂದು ಕಂಪ್ಯೂಟರೂ ಸಾಲಾಗಿ ಹೂ ಮುಡಿದು ಕೂತಿದ್ದವು. ಕಂಪ್ಯೂಟರಿನ ಪರದೆಗೆ ಮೂರು ಪಟ್ಟೆ ವಿಭೂತಿ ಬೇರೆ.

"ಇವತ್ತು ಆನ್ ಮಾಡಾಕಿಲ್ಲ ಸಾರ್, ಪೂಜೆ ಆಗೈತೆ. ನಾಳಿಕ್ ಬನ್ನಿ" ಎಂದ ಹೊನ್ನಯ್ಯ.

"ನನಗೇನು ಬೇರೆ ಕೆಲಸ ಇಲ್ವೇ? ನನಗೆ ಮೊದಲೇ ಅನುಮಾನ ಇತ್ತು" ಎಂದು ಮೇಷ್ಟ್ರು ಬಾಗಿಲಿಗೆ ತಿರುಗಿದರು.

"ಹೊನ್ನಯ್ಯನೋರೇ, ನನ್ನ ಮದುವೆ ಇದರೊಳಗೈತೆ ಕಣ್ರೀ!" ಗಾಬರಿಗೆ ಸಾರಥಿಯ ಬಾಯಲ್ಲೂ ಹೊನ್ನಯ್ಯನ ಮಾತೇ ಬಂತು.

ಹೊನ್ನಯ್ಯ ಕರಗಿದ. ಗಲ್ಲ ಗಲ್ಲ ಬಡಿದುಕೊಂಡು, ಇನ್ನೊಂದು ಕರ್ಪೂರ ಹಚ್ಚಿ ಸ್ವಿಚ್ ಒತ್ತಿದ. ಸಾರಥಿ ವಿಭೂತಿ ಒರೆಸಿ, ದರ್ಪಣ ತೆರೆದು, ತಮಗೆ ನಾಲ್ವರಿಗೇ ಗೊತ್ತಿದ್ದ ಮೂರು ಕೀಲಿ ಒಟ್ಟಿಗೆ ಅದುಮಿದ. ಪರದೆಯ ಮೇಲೆ ನಾಲ್ಕು ಹೆಸರು ಬಂದವು. ಕೊನೆಯದು: 'ಕ್ಷಮೆಯ ಸಾಲುಗಳು: ವಿಜಯಸಾರಥಿ, ಬೇಲೂರು.'

ಮೇಷ್ಟ್ರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ನಿಜಾನೇ ಹೇಳಿದ್ದೀರಪ್ಪ. ಅನುಮಾನ ಪಟ್ಟಿದ್ದು ನನ್ನ ತಪ್ಪು. ನಡೀರಿ, ತಾಂಬೂಲಕ್ಕೆ ಹೊತ್ತಾಗತ್ತೆ."

ಸಾರಥಿಗೆ ಕಣ್ಣು ತುಂಬಿ ಬಂತು. ಐದು ವರ್ಷದಲ್ಲಿ ಅವನನ್ನು ನಂಬಿದ ಮೊದಲ ಗಂಡಸು! ಅಷ್ಟಕ್ಕೇ ಎದ್ದು ಹೊರಟಿದ್ದರೆ ಮೇಷ್ಟ್ರ ಅಳಿಯನಾಗಿಬಿಡುತ್ತಿದ್ದ. ಖುಷಿ ಬಿಡಬೇಕಲ್ಲ!

"ಒಂದೇ ನಿಮಿಷ ಸಾರ್. ಇದರ ಚಂದ ಇರೋದೇ ಕೆಟ್ಟಾಗ" ಎಂದು ಬೇಕೆಂದೇ ಕೆಡಿಸಿದ. ಪರದೆಯ ನಡುವೆ ಅಕ್ಷರ ಮೂಡಿತು: 'ಕ್ಷಮಿಸಿ, ದರ್ಪಣ ಒಡೆಯಿತು. ನೀವು ಬರೆದದ್ದೆಲ್ಲ ಚೂರಾಯಿತು. ಮತ್ತೆ ಮೊದಲಿಂದ ಬರೆಯೋಣವೇ?'

ಮೇಷ್ಟ್ರ ಮುಖ ಬಿಳಿಚಿ, ಆಮೇಲೆ ಕೆಂಪಾಯಿತು.

"ಈ ಸಾಲು... ನೀನೇ ಬರೆದದ್ದಾ?"

"ನಾನೇ ಸಾರ್!"

"ಹಾರನಹಳ್ಳಿ ಗುಡಿಗಳ ಬಗ್ಗೆ ಹನ್ನೆರಡು ವರ್ಷ ಅಲೆದು ಬರೆದ ಲೇಖನ ಕಣೋ! ವಿಚಾರಸಂಕಿರಣಕ್ಕೆ ಕಳಿಸೋಕೆ ಅವತ್ತೇ ಕಡೇ ದಿನ. ಸೈಬರ್ ಸೆಂಟರಲ್ಲಿ ಬೆಳಿಗ್ಗೆಯಿಂದ ಒಂದೊಂದೇ ಅಕ್ಷರ ಕುಟ್ಟಿ, ಕಳಿಸು ಅಂತ ಒತ್ತಿದ್ರೆ ಇದು ಬಂತು. ದರ್ಪಣ ಅನ್ನೋದು ಇದರ ಹೆಸರು ಅಂತ ನನಗೇನು ಗೊತ್ತು? ಮೊದಲಿಂದ ಬರೆಯೋಣವೇ ಅಂತೆ! ಈ ಕೊಂಕು ಬರೆದೋನು ಒಂದು ಸಲ ಕೈಗೆ ಸಿಗ್ಲಿ ಅಂತ ಆರು ವರ್ಷದಿಂದ ಕಾಯ್ತಿದ್ದೆ!"

"ನಾನೊಬ್ಬನೇ ಅಲ್ಲ ಸಾರ್, ನಾಲ್ಕು ಜನ..." ಎಂದು ತೊದಲಿದ ಸಾರಥಿ. ಪರದೆಯ ಮೇಲೆ ಆ ಸಾಲಿನ ಹಿಂದುಗಡೆ ಅವನ ಹೆಸರು ಊರಿನ ಸಮೇತ ಹಾಗೇ ನಿಂತಿತ್ತು. ಎಷ್ಟು ಒತ್ತಿದರೂ ದರ್ಪಣ ಮುಚ್ಚಲಿಲ್ಲ. ಮೇಷ್ಟ್ರು ಯಾರ ಕೈಯನ್ನೂ ಹಿಡಿಯದೆ ಕುಂಬಳಕಾಯಿ ದಾಟಿ ಬಸ್‌ಸ್ಟ್ಯಾಂಡಿಗೆ ಹೊರಟುಹೋದರು.

"ನಾ ಬಡ್ಕೊಂಡೆ ಸಾರ್, ಪೂಜೆ ಆದ್ಮ್ಯಾಕೆ ಮುಟ್ಬಾರ್ದು ಅಂತ" ಎಂದ ಹೊನ್ನಯ್ಯ.

ಬುದ್ಧಿ ಬಂದ ಸಾರಥಿ ಮೊಬೈಲನ್ನು ಮಾತ್ರ ಮರುದಿನದವರೆಗೂ ಮುಟ್ಟಲಿಲ್ಲ. ಬೆಳಿಗ್ಗೆ ಹೂ ಸರಿಸಿ ನೋಡಿದರೆ ಹಿಂದಿನ ದಿನ ಹಂಸಾ ಕಳಿಸಿದ ಮೆಸೇಜು:

"ಅಪ್ಪ ಅಲ್ಲಿಗೆ ಬಂದಿರ್ತಾರೆ. ದರ್ಪಣದಲ್ಲಿ ಏನು ಬೇಕಾದ್ರೂ ತೋರಿಸಿ. ದಮ್ಮಯ್ಯ, ಆ ಕ್ಷಮೆಯ ಸಾಲೊಂದು ಬೇಡ."