ಕಾಕಾ ಕಾಯುತ್ತಿರುವ ಟಿವಿ

ಅಫಜಲಪುರದಲ್ಲಿ ಟಿವಿಯ ಬಗ್ಗೆ ಎಲ್ಲರಿಗಿಂತ ಹೆಚ್ಚು ತಿಳಿದವರು ಯಾರೆಂದು ಕೇಳಿ, ನಮ್ಮ ಕಾಕಾನ ಮನೆ ತೋರಿಸುತ್ತಾರೆ. ಟಿವಿ ಇಲ್ಲದ ಮನೆ ಯಾವುದೆಂದು ಕೇಳಿ, ಅದೇ ಮನೆ ತೋರಿಸುತ್ತಾರೆ! ಬಡತನವೇ? ಅಲ್ಲ, ಬಸ್ ಸ್ಟ್ಯಾಂಡ್ ಹತ್ತಿರ ಚೆನ್ನಾಗಿ ನಡೆಯುವ ಬಟ್ಟೆ ಅಂಗಡಿಯಿದೆ. ವೈರಾಗ್ಯವೇ? ಟಿವಿ ಅಂಗಡಿ ಕಂಡರೆ ಸಾಕು, ಗಾಣಗಾಪುರದ ಗುಡಿಯೆದುರು ನಿಂತಷ್ಟೇ ಭಕ್ತಿಯಿಂದ ನಿಲ್ಲುತ್ತಾರೆ. ಕೊಳ್ಳುವುದು ಮಾತ್ರ ಇಲ್ಲ. ಯಾಕೆಂದರೆ ಮುಂದಿನದು ಬರುತ್ತಿದೆ!

ಹಳೆಯ ದಪ್ಪ ಪೆಟ್ಟಿಗೆಯ ಟಿವಿ ಕೆಟ್ಟಾಗ ಶುರುವಾದ ಕಾಯುವಿಕೆ ಇದು. ಎಲ್‌ಸಿಡಿ ಬಂದಾಗ ಎಲ್‌ಇಡಿ ಬರಲಿ ಎಂದರು. ಎಲ್‌ಇಡಿ ಬಂತು, ಓಲೆಡ್ ಬರಲಿ ಎಂದರು. ಅದೂ ಬಂತು. "ಒಂದೇ ಚಿತ್ರ ಭಾಳ ಹೊತ್ತು ನಿಂತ್ರ ಅದರಾಗ ಕಲೆ ಉಳಿತದಂತ" ಎಂದು ಮೂಗು ಮುರಿದರು. ಈಗ ಅವರ ಜಪವೆಲ್ಲ ಮೈಕ್ರೋ ಎಲ್‌ಇಡಿ.

ಬಟ್ಟೆ ವ್ಯಾಪಾರಿಯಲ್ಲವೇ, ಬಣ್ಣದ ವಿಷಯದಲ್ಲಿ ರಾಜಿಯಿಲ್ಲ. ಕಲಬುರಗಿಗೆ ಹೋದಾಗಲೆಲ್ಲ ಜೇಬಿನಲ್ಲೊಂದು ಕಪ್ಪು ಬಟ್ಟೆಯ ತುಂಡು. ಟಿವಿ ಅಂಗಡಿಗೆ ನುಗ್ಗಿ ಅದನ್ನು ಪರದೆಯ ಪಕ್ಕ ಹಿಡಿದು, "ಇದಕ್ಕ ಕಪ್ಪು ಅಂತಾರೇನ್ರಿ? ಬೂದಿ ಅದ, ಬೂದಿ!" ಎನ್ನುವುದು. ಒಮ್ಮೆ ಅಂಗಡಿಯವನು ಸೋತು ಕೇಳಿಯೇಬಿಟ್ಟ: "ಕಾಕಾ, ಟಿವಿ ಬೇಕೋ, ಬ್ಲೌಸ್ ಪೀಸ್ ಮ್ಯಾಚ್ ಮಾಡಬೇಕೋ, ಮೊದ್ಲ ಹೇಳ್ರಿ!"

ಅಂಗಡಿಗೆ ಬಂದ ಗಿರಾಕಿಗಳಿಗೂ ಬಿಡುಗಡೆಯಿಲ್ಲ. ಧೋತರ ಕೊಳ್ಳಲು ಬಂದ ರೈತನಿಗೂ ಪಾಠ.

"ಪರದೆ ಒಂದೊಂದು ಚುಕ್ಕಿಗೂ ತನ್ನದ ಸ್ವಂತ ದೀಪ. ಹಿಂದಿನಿಂದ ಬೆಳಕು ಬಿಡೂ ಕೆಲಸನ ಇಲ್ಲ. ಕಪ್ಪು ಬೇಕಾದಲ್ಲಿ ದೀಪ ಆರಿಸಿಬಿಡ್ತದ!"

"ಮತ್ಯಾಕ ಮನೀ ಮನೀಗೆ ಬಂದಿಲ್ರಿ?"

"ಸಾಸಿವಿಗಿಂತ ಸಣ್ಣ ದೀಪ, ಲಕ್ಷಗಟ್ಟಲೆ ಕೂಡಿಸಬೇಕು. ಒಂದೂ ತಪ್ಪಬಾರ್ದು. ಅದಕ್ಕ ಈಗ ಒಂದು ಟಿವಿ ಬೆಲೀಗೆ ಒಂದು ಹೊಲ ಬರ್ತದ."

"ನನ್ನ ಕೂರಿಗಿ ಕೊಟ್ಟು ಕಳಸ್ರಿ ಅವರಿಗೆ. ತೊಗರಿ ಬಿತ್ತಿದ್ರ ಒಂದು ಸಾಲು ತಪ್ಪಂಗಿಲ್ಲ!"

ಕಾಕಾ ನಗಲಿಲ್ಲ. ಕೂರಿಗೆಯ ಬಗ್ಗೆ ಎರಡು ದಿನ ಗಂಭೀರವಾಗಿ ಯೋಚಿಸಿದರು.

ಕೆಲವು ವರ್ಷಗಳ ಹಿಂದೆ ಜೇವರ್ಗಿಯಲ್ಲಿ ನಮ್ಮ ತಂಗಿಯ ಮದುವೆ. ನಮ್ಮ ಕಡೆ ಯಾರು ಏನು ಉಡುಗೊರೆ ಕೊಟ್ಟರೆಂದು ಮೈಕಿನಲ್ಲಿ ಕೂಗಿ ಹೇಳುತ್ತಾರೆ. ಕಾಕಾ ಟಿವಿ ಕೊಡುತ್ತಾರೆಂದು ಬೀಗರಿಗೆಲ್ಲ ಸುದ್ದಿ. ಮೈಕಿನವನು ಪೊಟ್ಟಣ ಬಿಚ್ಚಿ ನೋಡಿ ತಡವರಿಸಿದ. "ಅಫಜಲಪುರದ ಕಾಕಾ ಅವರಿಂದ... ಟಿವಿ... ಗ್ವಾಡಿಗೆ ಹಚ್ಚೂ ಸ್ಟ್ಯಾಂಡು!" ಮಂಟಪವೆಲ್ಲ ನಗು. ಕಾಕಾ ಮೈಕ್ ಕಸಿದುಕೊಂಡು, "ನಗಬ್ಯಾಡ್ರಿ! ಟಿವಿ ಬರ್ತದ. ವಿಜ್ಞಾನಿಗಳು ಮಾಡಾಕತ್ತಾರ!" ಎಂದರು. ವಿಜ್ಞಾನಿಗಳು ಇನ್ನೂ ಮಾಡುತ್ತಲೇ ಇದ್ದಾರೆ. ಆ ಸ್ಟ್ಯಾಂಡಿನಲ್ಲಿ ಈಗ ತಂಗಿಯ ಮಗನ ಶಾಲೆಯ ಚೀಲ ತೂಗುತ್ತದೆ.

ಇದೆಲ್ಲ ನಮಗೆ ತಮಾಷೆ. ಆದರೆ ಕಾಕಾನ ಹೆಂಡತಿ, ನಮ್ಮ ಕಾಕುಗೆ? ಪಾಪ, ಸಂಜೆಯಾದರೆ ಧಾರಾವಾಹಿ ನೋಡಲು ನಾವೆಲ್ಲ ಖಾಲಾ ಎಂದು ಕರೆಯುವ ಪಕ್ಕದ ಮನೆಯ ಮುಸ್ಲಿಂ ಹೆಂಗಸಿನ ಹತ್ತಿರ ಹೋಗಬೇಕು. ಸ್ವಂತ ಮನೆಯಲ್ಲಿ ಇಷ್ಟೆಲ್ಲ ಜ್ಞಾನವಿದ್ದೂ ಪರರ ಮನೆಯ ಟಿವಿ! ನನಗೆ ತಡೆಯಲಾಗಲಿಲ್ಲ. ಈ ಸಲ ಯುಗಾದಿಯ ಸಂಜೆ ಒಂದು ಸಾದಾ ಎಲ್‌ಇಡಿ ಟಿವಿಯನ್ನು ಟೆಂಪೋದಲ್ಲಿ ಹೇರಿಕೊಂಡು ಅವರ ಮನೆ ಮುಂದೆ ಇಳಿದೆ.

ಕಾಕು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ನಮ್ಮನೀಗೇನೋ, ತಮ್ಮಾ?" ಎಂದು ಮುಖವರಳಿಸಿದರು. ಕಾಕಾ ಬಾಗಿಲಿಗೆ ಅಡ್ಡ ನಿಂತರು.

"ಹಳೇ ಮಾಲು. ಇಳಿಸಬ್ಯಾಡ."

ಕಾಕು ಎಂದಿನಂತೆ ಖಾಲಾ ಮನೆಗೆ ನಡೆದರು. ನನಗೆ ಸಿಟ್ಟು ನೆತ್ತಿಗೇರಿತು.

"ನಿಮ್ಮ ಹುಚ್ಚಿಗೆ ಕಾಕು ಇನ್ನೂ ಎಷ್ಟು ವರ್ಷ ಮಂದಿ ಮನೀಗೆ ಅಲೀಬೇಕ್ರಿ?"

ಕಾಕಾ ನನ್ನ ರಟ್ಟೆ ಹಿಡಿದು ಖಾಲಾ ಮನೆಗೆ ಹತ್ತಿದ ಹಿತ್ತಲಿನ ಗೋಡೆಯ ಬಳಿ ಕರೆದೊಯ್ದು ಕೂರಿಸಿದರು. ದನಿ ತಗ್ಗಿಸಿ ಹೇಳಿದರು:

"ಮೊದಲ ಖರೇನ ಹುಚ್ಚಿತ್ತಪ. ಆಮ್ಯಾಲ ನಿಮ್ಮ ಕಾಕುನ ತಂಗಿ ತೀರಿಕೊಂಡ್ಳು, ನಿನಗ ಗೊತ್ತದಲ್ಲ. ಆಕಿ ಮಾತೇ ಬಿಟ್ಟಿದ್ಳು. ನಾ ಎಷ್ಟು ಮಾತಾಡಿಸಿದ್ರೂ ಗ್ವಾಡಿ ನೋಡ್ಕೋತ ಕೂಡಾಕಿ. ಒಂದಿನ ಖಾಲಾ ಬಂದು, 'ಚಲೋ ಆಪಾ, ನಡಿ ಅಕ್ಕಾ, ಒಬ್ಬಾಕಿ ಟಿವಿ ನೋಡಾಕ ಬ್ಯಾಸರ ಆಗ್ತದ' ಅಂತ ಕೈ ಹಿಡಿದು ಕರ್ಕೊಂಡು ಹೋದ್ಳು. ಅವತ್ತು ಇಲ್ಲೇ ಕುಂತಿದ್ದೆ. ಎಷ್ಟೋ ತಿಂಗಳ ಮ್ಯಾಲ ಆಕಿ ನಕ್ಕಿದ್ದು ಕೇಳಿಸ್ತು. ಟಿವಿ ನಮ್ಮನೀಗೆ ಬಂದ್ರ ಆಕಿ ಇಲ್ಲಿ ಒಬ್ಬಾಕಿನೇ ಕೂಡ್ತಾಳ. ಅದಕ್ಕಂಜ್ತೀನಿ."

ಗೋಡೆಯ ಆಚೆ ಧಾರಾವಾಹಿ ಶುರುವಾಯಿತು. ಅದರ ದುಷ್ಟ ಅತ್ತೆಗೆ ಖಾಲಾ ಉರ್ದುವಿನಲ್ಲಿ ಬೈದರು. ಕಾಕು ಕನ್ನಡದಲ್ಲಿ ಬೈದರು. ಆಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕರು.

ನಾನು ಏನೋ ಹೇಳಲು ಬಾಯಿ ತೆರೆದೆ. ಕಾಕಾ ಕೈ ಎತ್ತಿ ತಡೆದರು. ಆ ನಗು ಮುಗಿಯುವವರೆಗೂ ಅವರು ಅಲುಗಾಡಲಿಲ್ಲ. ಎದ್ದು ಹೊರಗೆ ಹೋಗಿ, ಟೆಂಪೋದವನಿಗೆ ಗಾಡಿ ತಿರುಗಿಸು ಎಂದೆ.