ಗುರುಬಸಪ್ಪ ಮೇಷ್ಟ್ರ ಮಿದುಳಿಗೆ ತೊಂಬತ್ತನಾಲ್ಕು

"ಭಾವ, ಅಲ್ಲಾಡಬೇಡಿ! ಅಲ್ಲಾಡಿದ್ರೆ ವಯಸ್ಸು ಜಾಸ್ತಿ ತೋರ್ಸುತ್ತೆ!"

ಷಡಕ್ಷರಿ ತನ್ನ ಅಕ್ಕನ ಗಂಡನ ತಲೆಯ ಮೇಲೆ ಇಡ್ಲಿ ತಟ್ಟೆಯೊಂದನ್ನು ಬೋರಲು ಹಾಕಿ, ಗಲ್ಲದ ಕೆಳಗೆ ಪಟ್ಟಿ ಬಿಗಿದ. ತಟ್ಟೆಯ ನಾಲ್ಕೂ ಗುಳಿಗಳಿಂದ ತಂತಿಗಳು ಹೊರಟು ಟೀವಿಯ ಹಿಂದಿನ ಒಂದು ಡಬ್ಬಿಯೊಳಗೆ ಇಳಿದಿದ್ದವು. ಬಲಗೈಗೆ ಉಣ್ಣೆಯ ಗ್ಲೌಸು, ಅದಕ್ಕೂ ತಂತಿ. ಎಪ್ಪತ್ತೆರಡು ವರ್ಷದ ಗುರುಬಸಪ್ಪ ಮೇಷ್ಟ್ರು ಮದುವೆಯ ದಿನವೂ ಇಷ್ಟೊಂದು ಅಲಂಕಾರ ಮಾಡಿಸಿಕೊಂಡವರಲ್ಲ.

ತಿಪಟೂರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಷಡಕ್ಷರಿ, ರೇಡಿಯೋ ಕೇಳುವವರು ಕಡಿಮೆಯಾದ ಮೇಲೆ ಸಂಶೋಧನೆಗೆ ಇಳಿದಿದ್ದ. ಹೋದ ವರ್ಷ ಅವನು ಮಾಡಿದ ತೆಂಗಿನಕಾಯಿ ಸುಲಿಯುವ ಯಂತ್ರ ಕಾಯಿಗಳನ್ನು ಬಿಟ್ಟು ಬೀದಿಯವರ ಚಪ್ಪಲಿಗಳನ್ನೆಲ್ಲ ಸುಲಿದಿತ್ತು. ಈ ಸಲ ಪೇಪರಿನಲ್ಲಿ, ವಿಡಿಯೋ ಗೇಮ್ ಆಡಿದರೆ ವಯಸ್ಸಾದವರ ಬುದ್ಧಿ ಚುರುಕಾಗಿರುತ್ತದೋ ಇಲ್ಲವೋ ಎಂಬ ಲೇಖನ ಬಂದಿತ್ತು. ಷಡಕ್ಷರಿ ಅರ್ಧ ಓದಿ ಎದ್ದುಬಿಟ್ಟ. ಉಳಿದರ್ಧದಲ್ಲಿ ಏನಿತ್ತೋ ಅವನಿಗೆ ಇವತ್ತಿಗೂ ಗೊತ್ತಿಲ್ಲ.

"ಇದು ಬುದ್ಧಿಸಾಣೆ! ಟೀವಿಯಲ್ಲಿ ಅಳಗುಳಿಮಣೆ ಬರುತ್ತೆ, ಯಂತ್ರದ ಜೊತೆ ನೀವು ಆಡ್ತೀರಿ. ಆಟ ಮುಗಿದ ತಕ್ಷಣ ಮಿದುಳಿನ ವಯಸ್ಸು ಎಷ್ಟು ಅಂತ ಅದೇ ಹೇಳುತ್ತೆ. ದಿನಾ ಆಡ್ತಾ ಆಡ್ತಾ ವಯಸ್ಸು ಇಳಿಯುತ್ತೆ!"

"ಎಪ್ಪತ್ತಕ್ಕಿಂತ ಕೆಳಗೆ ಬಂದ್ರೆ ಸ್ಕೂಟರ್ ಕೀ ಕೊಡ್ತೀನಿ," ಎಂದರು ಮೇಷ್ಟ್ರ ಹೆಂಡತಿ ಗಂಗಾಂಬಿಕೆ. "ಅಲ್ಲೀವರೆಗೆ ಅದು ಅಕ್ಕಿ ಡಬ್ಬಿಯಲ್ಲೇ ಇರಲಿ."

ಕೀ ಅಕ್ಕಿ ಡಬ್ಬಿ ಸೇರಿ ಒಂದು ತಿಂಗಳಾಗಿತ್ತು. ಮೇಷ್ಟ್ರು ಕೊತ್ತಂಬರಿ ಸೊಪ್ಪು ತರಲು ಸ್ಕೂಟರಿನಲ್ಲಿ ಮಾರ್ಕೆಟ್ಟಿಗೆ ಹೋಗಿ, ಸೊಪ್ಪು ಹಿಡಿದುಕೊಂಡು ನಡೆದೇ ಬಂದು, ಸ್ಕೂಟರ್ ಕಳುವಾಗಿದೆ ಎಂದು ಪೊಲೀಸರಿಗೆ ದೂರು ಕೊಟ್ಟಿದ್ದರು. ಪೊಲೀಸರು ಹತ್ತೇ ನಿಮಿಷದಲ್ಲಿ ಅದನ್ನು ಸೊಪ್ಪಿನ ಅಂಗಡಿಯ ಮುಂದೆ ಪತ್ತೆ ಮಾಡಿದರು. ಊರೆಲ್ಲ ನಕ್ಕಿತು, ಮೇಷ್ಟ್ರಿಗೆ ಮಾತ್ರ ನಗು ಬರಲಿಲ್ಲ. ಅವರ ಅಣ್ಣ ಕೊನೆಗಾಲದಲ್ಲಿ ಸ್ವಂತ ಹೆಂಡತಿಯನ್ನೇ "ಯಾರಮ್ಮ ನೀವು?" ಎಂದು ಕೇಳಿದ್ದರು. ತನಗೂ ಅದೇ ಶುರುವಾಯಿತೇನೋ ಎಂದು ಅವರಿಗೆ ಒಳಗೊಳಗೇ ಭಯವಾಗಿತ್ತು. ಕೀ ವಾಪಸ್ಸು ಬಂದರೆ ಭಯವೂ ಹೋಗುತ್ತದೆ ಎಂದು ನಂಬಿ ತಲೆಗೆ ಇಡ್ಲಿ ತಟ್ಟೆ ಹಾಕಿಸಿಕೊಂಡಿದ್ದರು.

ಆಟ ಶುರುವಾಯಿತು. ಮೇಷ್ಟ್ರು ಗ್ಲೌಸಿನ ಕೈಯನ್ನು ಗಾಳಿಯಲ್ಲಿ ಆಡಿಸಿದ ಹಾಗೆ ಟೀವಿಯಲ್ಲಿ ಒಂದು ಕೈ ಹುಣಸೆಬೀಜ ಎತ್ತಿ ಗುಳಿಗುಳಿಗೆ ಬಿತ್ತುತ್ತ ಹೋಯಿತು. ಅರ್ಧ ಗಂಟೆಯಲ್ಲಿ ಮೇಷ್ಟ್ರು ಗೆದ್ದರು. ಯಂತ್ರ ಗಂಟೆ ಬಾರಿಸಿ ಗಟ್ಟಿಯಾಗಿ ಸಾರಿತು: "ಮಿದುಳಿನ ವಯಸ್ಸು ತೊಂಬತ್ತನಾಲ್ಕು!"

"ಗೆದ್ದಿದೀನಲ್ಲಯ್ಯ!"

"ಗೆಲ್ಲೋದು ಬೇರೆ, ಚುರುಕು ಬೇರೆ ಭಾವ! ನಮ್ಮವ್ವನ್ನ ನೋಡಿ."

ಎಂಬತ್ತೆಂಟು ವರ್ಷದ ಚೆನ್ನಬಸಮ್ಮ, ಅಂದರೆ ಷಡಕ್ಷರಿ ಮತ್ತು ಗಂಗಾಂಬಿಕೆಯ ತಾಯಿ, ಎಲೆಅಡಿಕೆ ಬದಿಗಿಟ್ಟು ತಟ್ಟೆ ಹಾಕಿಸಿಕೊಂಡರು. ಹತ್ತೇ ನಿಮಿಷ. ಯಂತ್ರ ಕುಣಿಯುವುದೊಂದು ಬಾಕಿ. "ಮಿದುಳಿನ ವಯಸ್ಸು ಹತ್ತೊಂಬತ್ತು!"

"ಯಂತ್ರಕ್ಕೆ ಆಟ ಕಲಿಸಿದ್ದೇ ಅವ್ವ," ಎಂದ ಷಡಕ್ಷರಿ ಹೆಮ್ಮೆಯಿಂದ. "ನಲವತ್ತು ದಿನ ಅವರ ಆಟ ತೋರಿಸಿ, ಚುರುಕು ಬುದ್ಧಿ ಅಂದ್ರೆ ಇದು ಅಂತ ಅದಕ್ಕೆ ಹೇಳ್ಕೊಟ್ಟಿದೀನಿ. ಅವ್ವ ಹುಟ್ಟಿದಾಗಿನಿಂದ ಒಂದಾಟ ಸೋತಿಲ್ಲ!"

"ದೇವರ ದಯೆ," ಎಂದು ಚೆನ್ನಬಸಮ್ಮ ಮತ್ತೆ ಎಲೆಗೆ ಸುಣ್ಣ ಹಚ್ಚಿದರು.

ಮೇಷ್ಟ್ರು ಹಠ ಹಿಡಿದರು. ಸ್ನಾನಕ್ಕೆ ಮುಂಚೆ ಒಂದಾಟ, ಊಟದ ಮೇಲೆ ಎರಡಾಟ. ಎಲ್ಲವನ್ನೂ ಗೆದ್ದರು. ವಯಸ್ಸು ತೊಂಬತ್ತಾರಾಯಿತು, ಆಮೇಲೆ ತೊಂಬತ್ತೊಂಬತ್ತು. ಸುದ್ದಿ ಹಬ್ಬಿ ಬೀದಿಯ ಹಿರಿಯರೆಲ್ಲ ತಲೆ ಒಡ್ಡಿಕೊಂಡು ಬಂದರು. ಸಾವಿರ ವಚನ ಬಾಯಿಪಾಠ ಬರುತ್ತಿದ್ದ ಮರುಳಮ್ಮನವರಿಗೆ ನೂರಾ ಎರಡು ಬಂತು. ಒಂದೇ ಸೈಟನ್ನು ಮೂವರಿಗೆ ತೋರಿಸಿ ಮೂವರನ್ನೂ ಒಪ್ಪಿಸುತ್ತಿದ್ದ ದಲ್ಲಾಳಿ ಮಹದೇವಪ್ಪನಿಗೆ ಇಪ್ಪತ್ತಾರು! ಮರುಳಮ್ಮ ಅಳುತ್ತ ಮನೆಗೆ ಹೋದರು. ಮಹದೇವಪ್ಪ ಮಾರನೆಯ ದಿನವೇ ತಲೆಗೂದಲಿಗೆ ಬಣ್ಣ ಹಚ್ಚಿಸಿಕೊಂಡ.

"ನಿನ್ನ ಯಂತ್ರ ಕೆಟ್ಟಿದೆ ಷಡಕ್ಷರಿ!"

"ಯಂತ್ರ ಸುಳ್ಳು ಹೇಳಲ್ಲ ಭಾವ! ನಿಮ್ಮ ವಯಸ್ಸೇ ಹಂಗಿದ್ರೆ ಅದೇನು ಮಾಡುತ್ತೆ?"

ಭಾನುವಾರ ಮೇಷ್ಟ್ರು ಆಡಲಿಲ್ಲ. ಅತ್ತೆ ಆಡುವುದನ್ನು ನೋಡುತ್ತ ಕೂತರು. ಹದಿನಾಲ್ಕು ಗುಳಿ, ಗುಳಿಗೆ ಐದರಂತೆ ಎಪ್ಪತ್ತು ಬೀಜ. ಗಣಿತದ ಮೇಷ್ಟ್ರ ಕಣ್ಣು ತಾನಾಗಿಯೇ ಎಣಿಸಿತು. ಆಟದ ನಡುವೆ ಅರವತ್ತೇಳೇ ಇದ್ದವು! ಅತ್ತೆ ಬೀಜ ಬಿತ್ತುವಾಗ ಗ್ಲೌಸಿನೊಳಗೆ ಅವರ ಕಿರುಬೆರಳು ಮಾತ್ರ ಬಿಚ್ಚಿಕೊಳ್ಳುತ್ತಿರಲಿಲ್ಲ, ಟೀವಿಯ ಕೈಯದೂ ಹಾಗೇ ಮಡಚಿರುತ್ತಿತ್ತು. ಆಟ ಮುಗಿಯುವ ಹೊತ್ತಿಗೆ ಅದು ಬಿಚ್ಚಿಕೊಂಡಿತು, ಮೂರು ಬೀಜ ಅವರ ಗೆಲುವಿನ ರಾಶಿಗೆ ಬಿದ್ದವು.

"ಅತ್ತೆ, ಆ ಬೆರಳು..."

"ವಯಸ್ಸಾಯ್ತಲ್ಲ ಅಳಿಯಂದ್ರೇ, ಮಡಚಿಕೊಂಡುಬಿಟ್ಟಿದೆ," ಎಂದರು ಚೆನ್ನಬಸಮ್ಮ, ಅದೇ ಬೆರಳಿನಿಂದ ಕಿವಿ ಕೆರೆದುಕೊಳ್ಳುತ್ತ.

ಆ ಮನೆತನದಲ್ಲಿ ಆಟಕ್ಕೆ ಕೂತ ಹಿರಿಯರ ಕೈ ನೋಡುವ ಪದ್ಧತಿಯೇ ಇರಲಿಲ್ಲ. ಕಳ್ಳತನ ಕಂಡವರು ಬಾಯಿ ಬಿಡಲಿಲ್ಲ, ಕಾಣದ ಷಡಕ್ಷರಿ ಯಂತ್ರ ಮಾಡಿದ. ಆ ಯಂತ್ರಕ್ಕೋ, ಬೀಜ ಕದಿಯುವುದೇ ಚುರುಕು ಎಂಬುದು ಖಚಿತವಾಗಿ ತಿಳಿದುಹೋಗಿತ್ತು.

ಮೇಷ್ಟ್ರು ಮೂವತ್ತೈದು ವರ್ಷ ಕಾಪಿ ಹೊಡೆಯುವ ಹುಡುಗರನ್ನು ಹಿಡಿದವರು. ಆದರೆ ಸ್ಕೂಟರ್ ಕೀ ಅಕ್ಕಿ ಡಬ್ಬಿಯಲ್ಲಿತ್ತು. ಸೋಮವಾರ ಅವರ ಕಿರುಬೆರಳೂ ಮಡಚಿತು. ಯಂತ್ರ ಸಂತೋಷವಾಗಿ "ತೊಂಬತ್ತು!" ಎಂದಿತು. ಮಂಗಳವಾರ ಎಂಬತ್ತಮೂರು. ಬುಧವಾರ ಎಪ್ಪತ್ತಾರು. ಗುರುವಾರ ಬೆಳಿಗ್ಗೆ ಗಂಟೆ ಬಾರಿಸಿತು: "ಮಿದುಳಿನ ವಯಸ್ಸು ಅರವತ್ತೊಂಬತ್ತು!"

"ನೋಡ್ದ್ಯಾ ಅಕ್ಕ! ವಿಡಿಯೋ ಗೇಮ್ ಅಂದ್ರೆ ಏನಂದ್ಕೊಂಡಿದೀಯ!" ಎಂದು ಷಡಕ್ಷರಿ ಕುಣಿದಾಡಿದ. ಗಂಗಾಂಬಿಕೆ ಕೀ ತರಲು ಎದ್ದರು. ಅವರ ಮುಖದಲ್ಲಿ ಒಂದು ತಿಂಗಳಿಂದ ಕಾಣದಿದ್ದ ನೆಮ್ಮದಿ ಇತ್ತು. ಅದನ್ನು ನೋಡಿದ್ದೇ ಮೇಷ್ಟ್ರಿಗೆ ತಡೆಯಲಾಗಲಿಲ್ಲ.

"ಬೇಡ ಗಂಗಾ. ನಾನು ಕದ್ದಿದೀನಿ."

"ಏನನ್ನ?"

"ಬೀಜಾನ. ಸೋಮವಾರ ಒಂದು, ಎಡಗಡೆಯಿಂದ ಮೂರನೇ ಗುಳಿದು. ಮಂಗಳವಾರ ಮೂರು, ಎರಡು ಮೊದಲನೇ ಗುಳಿದು, ಇನ್ನೊಂದು ನೀನು ಉಪ್ಪಿಟ್ಟು ತಂದಿಟ್ಟಾಗ. ಬುಧವಾರ ಐದು, ಎಲ್ಲ ಆರನೇ ಗುಳಿವೇ. ಇವತ್ತು ಒಂಬತ್ತು. ನಾಕು ಎರಡನೇ ಗುಳಿದು, ಐದು ಕೊನೇದು. ಒಟ್ಟು ಹದಿನೆಂಟು."

ತಟ್ಟೆ ಇನ್ನೂ ಅವರ ತಲೆಯ ಮೇಲೇ ಇತ್ತು. ಕದ್ದದ್ದನ್ನು ಒಪ್ಪಿಕೊಳ್ಳುವ ಮಿದುಳನ್ನು ಯಂತ್ರ ಅದುವರೆಗೆ ಕಂಡಿರಲೇ ಇಲ್ಲ. "ಎಂಬತ್ತು! ತೊಂಬತ್ತೈದು! ನೂರಾ ಹದಿನೈದು!" ಎಂದು ಒದರತೊಡಗಿತು.

"ಅಯ್ಯೋ, ನೂರಿಪ್ಪತ್ತು ದಾಟಬಾರದು ಭಾವ!" ಎಂದು ಷಡಕ್ಷರಿ ಡಬ್ಬಿಯ ಕಡೆ ಓಡಿದ.

"ದಾಟಿದ್ರೆ ಏನಾಗುತ್ತೆ?"

"ಅಷ್ಟು ವಯಸ್ಸಿಗೆ ಯಾರೂ ಬದುಕಿರಲ್ಲ ಅಂತ ನಾನು... ಬೀದಿಯವರ ಗ್ರೂಪಿಗೆ... ಒಂದು ಮೆಸೇಜು..."

"ನೂರಿಪ್ಪತ್ತೊಂದು!" ಎಂದ ಯಂತ್ರ ತಣ್ಣಗಾಯಿತು. ಬೀದಿಯ ಫೋನುಗಳೆಲ್ಲ ಒಟ್ಟಿಗೆ ಟಿಂಗ್ ಎಂದವು. ಇಡ್ಲಿ ತಟ್ಟೆ ತೊಟ್ಟ ಮೇಷ್ಟ್ರ ಫೋಟೋ, ಕೆಳಗೆ "ನಮ್ಮನ್ನಗಲಿದ ಗುರುಬಸಪ್ಪ ಮೇಷ್ಟ್ರಿಗೆ ಭಾವಪೂರ್ಣ ಶ್ರದ್ಧಾಂಜಲಿ."

ಮೇಷ್ಟ್ರಿಗೆ ಇದಾವುದರ ಪರಿವೆಯೂ ಇರಲಿಲ್ಲ. ಹೆಂಡತಿ ಬೆನ್ನು ತಿರುಗಿಸಿ ಅಡುಗೆಮನೆಗೆ ಹೋದದ್ದಷ್ಟೇ ಅವರಿಗೆ ಕಂಡದ್ದು. ನಾಚಿಕೆಯಿಂದ ಗೋಡೆಗೊರಗಿ, ಕಣ್ಣು ಮುಚ್ಚಿ ಕೂತುಬಿಟ್ಟರು. ಅದೇ ತಪ್ಪಾಯಿತು. ಅವರ ಜನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೊರಗಿಸಿ ಕೂರಿಸುತ್ತಾರೆ. ಓಡೋಡಿ ಬಂದವರಿಗೆ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

"ಆಗಲೇ ಕೂರಿಸಿಬಿಟ್ಟಿದಾರೆ," ಎಂದು ಮರುಳಮ್ಮ ವಿಭೂತಿ ಹಚ್ಚಿದರು. "ಕಿರೀಟ ಬೇರೆ ಇಟ್ಟಿದಾರಲ್ಲ, ಪುಣ್ಯವಂತರು!"

ಷಡಕ್ಷರಿ "ಅದು ಹಂಗಲ್ಲ, ಹಂಗಲ್ಲ!" ಎಂದು ಕೈಕೈ ಹಿಸುಕಿಕೊಂಡ. ದುಃಖದಲ್ಲಿದ್ದಾನೆ ಎಂದು ಇಬ್ಬರು ಅವನನ್ನು ಹಿಡಿದು ಕೂರಿಸಿದರು. ಮಹದೇವಪ್ಪ ಸೇವಂತಿಗೆ ಹಾರ ಹಾಕಿ ಕಣ್ಣೊರೆಸಿಕೊಂಡ. "ಒಂದು ಅಂಕ ಹೆಚ್ಚಿಗೆ ಕೊಟ್ಟವರಲ್ಲ. ನನ್ನ ಮಗನ್ನ ಮೂರು ಸಲ ಫೇಲ್ ಮಾಡಿದ್ರು!"

"ನಾಲ್ಕು ಸಲ," ಎಂದು ಮೇಷ್ಟ್ರು ಕಣ್ಣು ಬಿಟ್ಟು, ಸೇವಂತಿಗೆಯ ಘಾಟಿಗೆ ಗಟ್ಟಿಯಾಗಿ ಸೀನಿದರು.

ಮಹದೇವಪ್ಪ ಹೊಸಿಲು ದಾಟಿದ್ದು ಯಾರಿಗೂ ಕಾಣಲಿಲ್ಲ, ಅಷ್ಟು ಬೇಗ ದಾಟಿದ. ಉಳಿದವರು ಕಿರುಚಾಡಿ ಸುಮ್ಮನಾಗುವ ಹೊತ್ತಿಗೆ ಗಂಗಾಂಬಿಕೆ ಒಳಗಿನಿಂದ ಬಂದರು. ಕೈಗೆ ಅಕ್ಕಿಯ ಧೂಳು ಮೆತ್ತಿತ್ತು, ಹಿಡಿಯಲ್ಲಿ ಕೀ ಇತ್ತು.

"ತಗೊಳ್ಳಿ. ನಾಕು ದಿನದ ಕಳ್ಳತನ ಗುಳಿ ಸಮೇತ ಹೇಳಿದೋರಿಗೆ ಮರೆವು ಅಂತ ಅಂದ್ಕೊಂಡಿದ್ನಲ್ಲ," ಎಂದರು. ಹಾಗೆ ಹೇಳುವಾಗ ಅವರಿಗೆ ಅಳು ಬಂದಿತ್ತು. ಮೇಷ್ಟ್ರಿಗೂ ಬಂತು, ತಪ್ಪನ್ನು ಸೇವಂತಿಗೆಯ ಘಾಟಿನ ಮೇಲೆ ಹಾಕಿದರು.

"ನಾನು ಹೇಳಲಿಲ್ವಾ ಅಕ್ಕ, ವಿಡಿಯೋ ಗೇಮ್ ಆಡಿದ್ರೆ..." ಎಂದು ಷಡಕ್ಷರಿ ಬಾಯಿ ತೆಗೆದ.

"ಆ ತಟ್ಟೆ ತೊಳ್ಕೊಂಡು ಬಾ, ಮೊದಲು!"

ಮೇಷ್ಟ್ರು ಹೊರಗೆ ಬಂದು, ಹಾರ ತೆಗೆಯದೆಯೇ ಸ್ಕೂಟರಿಗೆ ಒದೆ ಕೊಟ್ಟು ಚಾಲೂ ಮಾಡಿದರು. ಬೀದಿಯನ್ನು ಒಮ್ಮೆ ಆ ತುದಿಯಿಂದ ಈ ತುದಿವರೆಗೆ ನೋಡಿದರು.

"ನನ್ನ ಸಾವಿಗೆ ಹದಿನೇಳು ಜನ ಬಂದಿದ್ರು," ಎಂದರು. "ಎದುರುಮನೆ ಕೆಂಚಪ್ಪ ಬರಲಿಲ್ಲ. ಇದನ್ನ ಮಾತ್ರ ನಾನು ಮರೆಯಲ್ಲ."