ಕೈ ಮುಗದು ಹೊರಗ ಹಾಕೋ ವೆಬ್‌ಸೈಟು

ನಮ್ಮ ಆಫೀಸಿನಾಗ ನಗಬಾರದಂತ ಬಾಯಿ ಬಿಗಿ ಹಿಡದು ಕುಂತರೂ ದಿನಾ ಏನರ ಒಂದು ಆಗೇ ಆಗತೈತಿ. ಇಚಲಕರಂಜ್ಯಾಗ ಒಂದು ಬಟ್ಟಿ ಕಂಪನ್ಯಾಗ ಹಾಜರಿ ನೋಡಾಕಿ ನಾನು. ಮಾಲಕರು ಇರೋದು ಕೊಲ್ಹಾಪುರದಾಗ. ಒಂದಿನ ಅವರ ಹುಕುಂ ಬಂತು: "ಇನ್ನ ಮ್ಯಾಲೆ ರಜಾ ಬೇಕಂದರ ಕಂಪನಿ ವೆಬ್‌ಸೈಟಿನಾಗ ಅರ್ಜಿ ಹಾಕ್ರಿ. ಚೀಟಿ ನಡಿಯಾಂಗಿಲ್ಲ. ನಾ ಒಪ್ಪೋಕಿಂತ ಮೊದಲ ಮನ್ಯಾಗ ಕುಂತವರು ಕಾಯಂ ಮನ್ಯಾಗ ಇರ್ರಿ."

ನನಗರ ರಜಾ ಬೇಕಾಗೇ ಇತ್ತು. ಮುಂದಿನ ವಾರ ಗಡಹಿಂಗ್ಲಜದಾಗ ನನ್ನ ಮಗಳ ನಿಶ್ಚಯ, ಅಂದರ ಸಾಖರಪುಡಾ!

ಹುಡುಕಿದರ ಸಿಕ್ಕಿದ್ದು

ವೆಬ್‌ಸೈಟು ಮಾಡಿದವರು ಮಾಲಕರ ಅಳಿಯಾರು. ಅಳಿಯಾರು ಮಾಡಿದ್ದು ಚಲೋ ಇಲ್ಲಂತ ಹೇಳಾಕ ಯಾರಿಗೆ ಧೈರ್ಯ ಐತ್ರಿ? ತೆರದರ ಪಡದಾ ತುಂಬ ಮಾಲಕರ ಫೋಟೋ. ಅರ್ಜಿ ಎಲ್ಲೂ ಕಾಣವಲ್ದು. ಹುಡುಕೋ ಜಾಗಾದಾಗ 'ರಜಾ' ಅಂತ ಹೊಡದ್ನಿ. ಸಿಕ್ಕಿದ್ದು ಒಂದ: ಮಾಲಕರ ಭಾಷಣ, 'ನಾನು ಜನ್ಮದಾಗ ರಜಾ ತಗೊಂಡಿಲ್ಲ.'

ಆನಂದ

ಅಳಿಯಾರಿಗೆ ಫೋನ್ ಮಾಡಿದ್ನಿ. "ರಜಾ ಅಂದರ ಖುಷೀದ ಮಾತಲ್ರಿ? ಅದಕ್ಕ 'ಆನಂದ' ಅನ್ನೋದರಾಗ ಇಟ್ಟೇನಿ," ಅಂದರು.

ಅದ ದಿನ ಕೊರೋಚಿಯಿಂದ ಬರೋ ನಮ್ಮ ಮಗ್ಗದ ಮಾಸ್ತರರ ಫೋನ್ ಬಂತು. "ಬಾಯಾರ, ನಮ್ಮ ಸೋದರತ್ತಿ ಹೋಗಿಬಿಟ್ಟಳ್ರಿ. ರಜಾ ಎಲ್ಲಿ ಹಾಕಲಿ?"

ಹೆಂಗ ಹೇಳೋದರಿ ಇದನ್ನ? ಗಟ್ಟಿ ಮನಸು ಮಾಡಿ, "ಆನಂದ ಒತ್ತರಿ," ಅಂದ್ನಿ.

ಮಾಸ್ತರರು ಸಣ್ಣ ದನಿಲೆ ಕೇಳಿದರು, "ಆಕಿಗೂ ನಮಗೂ ಬಗಿಹರೀತಿದ್ದಿಲ್ಲಂತ ನಿಮಗ ಯಾರು ಹೇಳಿದರ್ರಿ?"

ಈಶಾನ್ಯ

ನಾನೂ ಆನಂದ ಒತ್ತಿ ಅರ್ಜಿ ತುಂಬಿದ್ನಿ. ಕೆಳಗ ದೊಡ್ಡ ಹಸಿರು ಬಟನ್, ಅದರ ಮ್ಯಾಲ ಮುಗದ ಕೈಗಳ ಚಿತ್ರ. ಅಕ್ಷರ ಒಂದೂ ಇಲ್ಲ. ಕೈ ಮುಗಿಯೋದಂದರ ಬೇಡಿಕೊಳ್ಳೋದಲ್ಲೇನ್ರಿ? ಕಳಸೋದು ಇದ ಇರಬೇಕಂತ ಒತ್ತಿದ್ನಿ. ಅಯ್ಯ, ಬರದದ್ದೆಲ್ಲಾ ಮಾಯ! ಮಾಲಕರು ಕೈ ಮುಗದು ನಿಂತ ಫೋಟೋ ಬಂತು: 'ಧನ್ಯವಾದ, ಪುನ್ಹಾ ಭೇಟೂ,' ಅಂದರ ಮತ್ತ ಸಿಗೋಣಂತ. ಅದು ಹೊರಗ ಹಾಕೋ ಬಟನ್!

ಮತ್ತ ಅಳಿಯಾರಿಗೆ ಫೋನು. "ಕಳಸೋ ಬಟನ್ ಈಶಾನ್ಯಕ್ಕ ಐತ್ರಿ. ಮಾವಾರು ವಾಸ್ತು ನೋಡಸ್ಯಾರ," ಅಂದರು. ನೋಡಿದರ ಮ್ಯಾಲ ಬಲಕ್ಕ, ಮೂಲ್ಯಾಗ, ಸಾಸಿವಿಕಾಳಿನಷ್ಟು ಚುಕ್ಕಿ. ಅಂತೂ ಅರ್ಜಿ ಹೋತು. ಒಪ್ಪಿಗಿ ಮಾತ್ರ ಬರಲಿಲ್ಲ.

ಸಾಖರಪುಡಾ

ನೌಕರಿ ಹೋದರ ಹೋಗಲಿ, ತಾಯಿ ಇಲ್ಲದ ಸಾಖರಪುಡಾ ಹೆಂಗ ಮಾಡೋದಂತ ಗಡಹಿಂಗ್ಲಜಕ್ಕ ಹೋದ್ನಿ. ಪತ್ರಿಕಿಗೆ ಕುಂಕುಮ ಹಚ್ಚಿ ಮಾಲಕರನ್ನೂ ಕರದಿದ್ನಲ್ಲಾ, ಅವರೂ ಬಂದರು! ಬೀಗರ ಮುಂದನ ಗುಡುಗಿದರು: "ನಾ ಒಪ್ಪೇ ಇಲ್ಲ, ನೀವು ಹೆಂಗ ಬಂದ್ರಿ?"

"ಅರ್ಜಿ ನಿಮ್ಮ ಮೊಬೈಲಿನಾಗ ಐತ್ರಿ. ಈಗ ಒಪ್ಪರಿ," ಅಂದ್ನಿ.

ಮಾಲಕರು ವೆಬ್‌ಸೈಟು ತೆರದರು, ಹಸಿರು ಬಟನ್ ಒತ್ತಿದರು. ಫೋಟೋದಾಗಿಂದ ಅವರಿಗೆ ಅವರ ಕೈ ಮುಗದರು: 'ಪುನ್ಹಾ ಭೇಟೂ.' ಮತ್ತ ಒತ್ತಿದರು, ಮತ್ತ ಹೊರಗ. ಅಳಿಯಾರಿಗೆ ಫೋನ್ ಹಚ್ಚಿದರು. "ಅಳಿಯಾರ, ಭಾಳ ಚಂದ ಮಾಡೀರಿ! ಒಪ್ಪೋದು ಎಲ್ಲೈತ್ರಿ?"

"ಈಶಾನ್ಯಕ್ಕ, ಮಾವಾರ."

ಮಾಲಕರು ಎದ್ದು, "ಇಲ್ಲಿ ಈಶಾನ್ಯ ಯಾವ ಕಡೆ ರೀ?" ಅಂತ ಕೇಳಿದರು. ಶಾಸ್ತ್ರಕ್ಕ ಬಂದ ಭಟ್ಟರು ಅಡಗಿಮನಿ ಕಡೆ ಕೈ ತೋರಿಸಿದರು. ಶಿರಾದ ಕಡಾಯಿ ಬಾಜೂಕ ನಿಂತು ಮಾಲಕರು ಹಸಿರು ಬಟನ್ ಒತ್ತೇ ಒತ್ತಿದರು. ಬೆವರ ಒರಸ್ಕೋತ ಬಂದು ನನ್ನ ಕಿವ್ಯಾಗ, "ಬಾಯಾರ, ಒಂದು ಚೀಟಿ ಬರದು ಕೊಡ್ರಿ, ಸಹಿ ಮಾಡತೇನಿ. ಅಳಿಯಾರಿಗೆ ಗೊತ್ತಾಗಬಾರದು," ಅಂದರು.

ಸಹಿ ಬಿತ್ತು. ಖುಷಿಲೆ ನಾ ಎರಡೂ ಕೈ ಮುಗದ್ನಿ.

ಮಾಲಕರು ಬೆಚ್ಚಿ ಹಿಂದ ಸರದರು: "ಬ್ಯಾಡ್ರಿ ಬಾಯಾರ, ನಂದಿನ್ನೂ ಊಟ ಆಗಿಲ್ಲ!"